ಬಿಸಿಲಿನ ಲೆಕ್ಕ, ಉಲ್ಲೇಖದ ಲೆಕ್ಕ

ಹಿಂಗಾರಿ ಬಿತ್ತನೆಯ ಗಡಿಬಿಡಿ ಶುರುವಾಗುವ ಹೊತ್ತಿಗೆ ನಮ್ಮ ಕಡೆಯ ಪತ್ರಿಕೆಗಳ ಒಳಪುಟದಲ್ಲಿ ಈಚಿನ ವರ್ಷಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಇಂಥ ಕಾಲೇಜಿನ ಇಂಥ ಪ್ರಾಧ್ಯಾಪಕರು ‘ವಿಶ್ವದ ಶೇ 2ರಷ್ಟು ಅಗ್ರಗಣ್ಯ ವಿಜ್ಞಾನಿಗಳ’ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದಾರೆ, ಆಡಳಿತ ಮಂಡಳಿ ಅಭಿನಂದಿಸಿದೆ. ಪಕ್ಕದಲ್ಲಿ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ. ಎಂಜಿನಿಯರಿಂಗ್ ಕಾಲೇಜಿನವರಾದರೆ ಅವರ ವಿಷಯ ಆಗಾಗ ಸೌರಶಕ್ತಿಯೇ ಆಗಿರುತ್ತದೆ.

ಅಣ್ಣಿಗೇರಿ ಹತ್ತಿರ ಎರೆಹೊಲ ಮಾಡಿಕೊಂಡಿರುವ ನಮ್ಮಣ್ಣ ಇಂಥದ್ದೊಂದು ಸುದ್ದಿಯನ್ನು ಚಾಳೀಸು ಏರಿಸಿಕೊಂಡು ಕೊನೆಯ ಸಾಲಿನವರೆಗೂ ಓದಿದ. ಓದಿ ಕೇಳಿದ: “ಅಲ್ಲೋ ತಮ್ಮಾ, ಜಗತ್ತಿಗೇ ದೊಡ್ಡ ಸೋಲಾರ್ ವಿಜ್ಞಾನಿ ಇಲ್ಲೇ ಹುಬ್ಬಳ್ಳಿ-ಧಾರವಾಡದಾಗ ಅದಾರ ಅಂತ ಬರದಾರ. ಹಂಗಾರ ನಮ್ಮ ಹೊಂಡದ ಪಂಪು ಚಳಿಗಾಲದಾಗ ಚಲೋ ನಡದು, ಬ್ಯಾಸಿಗ್ಯಾಗ ಇಷ್ಟು ಬಿಸಲಿದ್ರೂ ಯಾಕ ಸೊರಗತೈತಿ ಅಂತ ಅವರನ್ನ ಕೇಳಬಹುದಲ್ಲ?”

ಕೇಳಬಹುದು. ಅವರು ಉತ್ತರ ಹೇಳಲೂಬಹುದು. ಆದರೆ ಆ ಪಟ್ಟಿಗೆ ಹೆಸರು ಸೇರುವ ದಾರಿಯಲ್ಲಿ ಅಣ್ಣನ ಪಂಪು ಎಲ್ಲೂ ಬರುವುದಿಲ್ಲ. ಅಲ್ಲಿ ಎಣಿಸುವುದು ಒಂದನ್ನೇ: ಇವರು ಬರೆದದ್ದನ್ನು ಬೇರೆ ಸಂಶೋಧಕರು ತಮ್ಮ ಬರಹದ ಕೊನೆಯಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ? ಇದಕ್ಕೆ ಸೈಟೇಶನ್ ಅನ್ನುತ್ತಾರೆ, ಕನ್ನಡದಲ್ಲಿ ಉಲ್ಲೇಖ. ನಾನು ನೌಕರಿ ಮಾಡಿದ್ದು ಕಾಲೇಜಿನ ಗ್ರಂಥಪಾಲನಾಗಿ. ಬಿಸಿಲಿನ ಶಾಸ್ತ್ರ ನನಗೆ ಅಷ್ಟಕ್ಕಷ್ಟೆ. ಉಲ್ಲೇಖ ಎಣಿಸುವ ಶಾಸ್ತ್ರ ಮಾತ್ರ ನಮ್ಮ ಕಸುಬಿನದೇ.

ಈ ಎಣಿಕೆ ಹುಟ್ಟಿದ್ದೂ ಗ್ರಂಥಾಲಯದ ಕೆಲಸಕ್ಕಾಗಿಯೇ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಲಹೆ ಮುಂದಿಟ್ಟರು. ಒಂದು ಪ್ರಬಂಧ ಸಿಕ್ಕರೆ ಅದಕ್ಕಿಂತ ಹಿಂದಿನದನ್ನು ಹುಡುಕುವುದು ಸುಲಭ, ಅದರ ಕೊನೆಯ ಪಟ್ಟಿ ನೋಡಿದರಾಯಿತು. ಅದರ ಮುಂದಿನದನ್ನು, ಅಂದರೆ ಅದನ್ನು ಓದಿ ಕೆಲಸ ಮುಂದುವರಿಸಿದವರನ್ನು ಹುಡುಕುವುದು ಹೇಗೆ? ಯಾರು ಯಾರನ್ನು ಹೆಸರಿಸಿದ್ದಾರೆ ಎಂಬ ಸೂಚಿಯೊಂದಿದ್ದರೆ ಅದು ಸಾಧ್ಯ. ಆ ಸೂಚಿ 1964ರಲ್ಲಿ ದಪ್ಪ ದಪ್ಪ ಸಂಪುಟಗಳಾಗಿ ಬಂತು. ಕಣ್ಣಿಗೆ ಭೂತಗನ್ನಡಿ ಬೇಕೆನಿಸುವ ಅಕ್ಷರ. ಅದು ಪುಸ್ತಕವಾಗಿದ್ದಷ್ಟು ಕಾಲ ಯಾರ ಹೆಸರಿನ ಮುಂದೆ ಎಷ್ಟು ಉಲ್ಲೇಖ ಎಂದು ಕೂಡಿಸಿ ನೋಡುವ ತಾಳ್ಮೆ ಕೆಲವರಿಗೆ ಮಾತ್ರ ಇತ್ತು. 2004ರಲ್ಲಿ ಸ್ಕೋಪಸ್ ಎಂಬ ಆನ್‌ಲೈನ್ ಸೂಚಿ ಬಂತು, ಅದೇ ವರ್ಷ ಗೂಗಲ್ ಸ್ಕಾಲರ್ ಕೂಡ. ಅಲ್ಲಿಂದ ಈಚೆಗೆ ಕೂಡಿಸುವ ಕೆಲಸ ಯಂತ್ರದ್ದಾಯಿತು. ಹೆಸರು ಟೈಪ್ ಮಾಡಿದರೆ ಮನುಷ್ಯನ ಎದುರಿಗೇ ಒಂದು ಸಂಖ್ಯೆ ಎದ್ದು ನಿಲ್ಲುತ್ತದೆ.

ಬರಿಯ ಮೊತ್ತ ಸಾಲದೆಂದು 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಇನ್ನೊಂದು ಅಳತೆ ತಂದರು. ಅದೇ ಎಚ್-ಇಂಡೆಕ್ಸ್. ಒಬ್ಬರ ಪ್ರಬಂಧಗಳನ್ನು ಹೆಚ್ಚು ಉಲ್ಲೇಖದ್ದರಿಂದ ಕಡಿಮೆಯದಕ್ಕೆ ಸಾಲಾಗಿ ಇಡಿ. 25, 18, 9, 6, 5, 3 ಎಂದು ಉಲ್ಲೇಖಗಳಿವೆ ಎಂದುಕೊಳ್ಳಿ. ಐದು ಪ್ರಬಂಧಗಳಿಗೆ ಕನಿಷ್ಠ ಐದೈದು ಉಲ್ಲೇಖ ಇವೆ, ಆರನೆಯದಕ್ಕೆ ಆರು ಇಲ್ಲ. ಆದ್ದರಿಂದ ಎಚ್-ಇಂಡೆಕ್ಸ್ 5. ಇನ್ನೊಬ್ಬರು ಮೂರೇ ಪ್ರಬಂಧ ಬರೆದಿದ್ದಾರೆ, ಒಂದಕ್ಕೆ 600 ಉಲ್ಲೇಖ, ಉಳಿದೆರಡಕ್ಕೆ 2 ಮತ್ತು 1. ಅವರ ಎಚ್-ಇಂಡೆಕ್ಸ್ 2. ಆರುನೂರು ಜನ ಕೈಯಲ್ಲಿ ಹಿಡಿದು ಕೆಲಸ ಮಾಡಿದ ಪ್ರಬಂಧದ ಒಡೆಯ ಈ ಲೆಕ್ಕದಲ್ಲಿ ಹಿಂದೆ ಬೀಳುತ್ತಾನೆ. ಅಳತೆ ತಪ್ಪೇನಲ್ಲ, ಅದು ವರ್ಷಾನುಗಟ್ಟಲೆ ಒಂದೇ ಹದದಲ್ಲಿ ಬರೆಯುತ್ತ ಬಂದವರನ್ನು ಹುಡುಕುವ ಅಳತೆ. ಅದನ್ನು ಬೇರೆ ಕೆಲಸಕ್ಕೆ ಬಳಸಿದರೆ ಎಡವಟ್ಟಾಗುತ್ತದೆ.

ಇನ್ನು ಆ ಶೇ 2ರ ಪಟ್ಟಿ. ‘ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಗೌರವಿಸಿದೆ’ ಎಂದು ಬರೆಯುವುದುಂಟು. ಅದು ಪ್ರಶಸ್ತಿಯಲ್ಲ, ಅದಕ್ಕೆ ಅರ್ಜಿ ಇಲ್ಲ, ಆಯ್ಕೆ ಸಮಿತಿಯೂ ಇಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಅಯೊನೀಡಿಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಒಂದು ಲೆಕ್ಕದ ವಿಧಾನ ಅದು, ಮಾಹಿತಿ ಎಲ್ಸೆವಿಯರ್ ಕಂಪನಿಯ ಸ್ಕೋಪಸ್‌ನದು. ಒಟ್ಟು ಉಲ್ಲೇಖ, ಎಚ್-ಇಂಡೆಕ್ಸ್, ಒಬ್ಬರೇ ಬರೆದ ಪ್ರಬಂಧಕ್ಕೆ ಬಂದದ್ದೆಷ್ಟು, ಮೊದಲ ಹೆಸರಾಗಿ ಬರೆದದ್ದಕ್ಕೆ ಎಷ್ಟು ಎಂಬಂಥ ಆರು ಅಂಶ ಕೂಡಿಸಿ ಒಂದು ಅಂಕ ಮಾಡುತ್ತಾರೆ. ವಿಜ್ಞಾನವನ್ನೆಲ್ಲ 22 ಕ್ಷೇತ್ರ, 174 ಉಪಕ್ಷೇತ್ರಗಳಾಗಿ ಹಂಚಿ ಆಯಾ ಉಪಕ್ಷೇತ್ರದೊಳಗೇ ಹೋಲಿಸುತ್ತಾರೆ. ಪಟ್ಟಿಯೂ ಎರಡು: ಜೀವಮಾನದ್ದೊಂದು, ಒಂದೇ ವರ್ಷದ್ದೊಂದು. ಸ್ವಂತ ಉಲ್ಲೇಖ, ಅಂದರೆ ತನ್ನದನ್ನು ತಾನೇ ಹೆಸರಿಸಿಕೊಂಡದ್ದನ್ನು ಬಿಟ್ಟು ಹಾಕಿದ ಲೆಕ್ಕವೂ ಅದರಲ್ಲೇ ಇದೆ. ಸುದ್ದಿಯಲ್ಲಿ ಇವುಗಳಲ್ಲಿ ಯಾವುದರ ಮಾತು ಎಂದು ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಒಂದೇ ವರ್ಷದ ಪಟ್ಟಿಗೂ ಜೀವಮಾನದ ಪಟ್ಟಿಗೂ ಅಜಗಜಾಂತರ.

ಸೌರಶಕ್ತಿ ಎಂಜಿನಿಯರಿಂಗ್‌ನಲ್ಲಿ ಈ ಸಂಖ್ಯೆ ಉಬ್ಬುವುದಕ್ಕೆ ತನ್ನದೇ ಕಾರಣಗಳಿವೆ. ಸ್ವೀಡನ್ನಿನ ಆಂಡರ್ಸ್ ಆಂಗ್‌ಸ್ಟ್ರಮ್ 1924ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಹಗಲಿನ ತಾಸುಗಳಲ್ಲಿ ಎಷ್ಟು ತಾಸು ಬಿಸಿಲು ಬಿತ್ತೆಂದು ತಿಳಿದರೆ ಆ ದಿನ ನೆಲಕ್ಕಿಳಿದ ಶಕ್ತಿ ಎಷ್ಟು ಎಂದು ಅಂದಾಜು ಕಟ್ಟಬಹುದು. ಬಿಸಿಲಿನ ತಾಸು ಎಣಿಸುವುದು ಕಷ್ಟವಲ್ಲ. ಹವಾಮಾನ ಕೇಂದ್ರಗಳಲ್ಲಿ ಗಾಜಿನ ಗುಂಡೊಂದು ಇರುತ್ತಿತ್ತು, ಬಿಸಿಲು ಅದರೊಳಗಿಂದ ಹಾಯ್ದು ಹಿಂದಿನ ಕಾರ್ಡಿನ ಮೇಲೆ ಸುಟ್ಟ ಗೆರೆ ಎಳೆಯುತ್ತಿತ್ತು. ಆ ಗೆರೆಯ ಉದ್ದವೇ ಬಿಸಿಲಿನ ಉದ್ದ. ಸೂತ್ರದಲ್ಲಿ ಎರಡು ಸಂಖ್ಯೆಗಳು ಮಾತ್ರ ಊರಿನಿಂದ ಊರಿಗೆ ಬೇರೆ. ಸರಿ, ಊರೂರಿಗೂ ಆ ಎರಡು ಸಂಖ್ಯೆ ಹುಡುಕುವ ಪ್ರಬಂಧಗಳು ಹುಟ್ಟಿಕೊಂಡವು. ಪ್ರತಿಯೊಂದೂ ಹಿಂದಿನ ಹತ್ತಿಪ್ಪತ್ತನ್ನು ಹೆಸರಿಸುತ್ತದೆ. ಅವನ್ನೆಲ್ಲ ಗುಡ್ಡೆ ಹಾಕಿ ಒಬ್ಬರು ಸಮೀಕ್ಷಾ ಪ್ರಬಂಧ ಬರೆಯುತ್ತಾರೆ, ಆಮೇಲಿನವರು ಮೂಲ ಬಿಟ್ಟು ಸಮೀಕ್ಷೆಯನ್ನೇ ಹೆಸರಿಸುತ್ತಾರೆ. ಹೊಸದೊಂದು ಅಳತೆಯನ್ನೂ ಮಾಡದೆ ಸಾವಿರ ಉಲ್ಲೇಖ ಗಳಿಸುವುದಕ್ಕೆ ಇದು ಹತ್ತಿರದ ಹಾದಿ. ಸಮೀಕ್ಷೆ ಬೇಡವೆಂದಲ್ಲ, ಒಳ್ಳೆಯ ಸಮೀಕ್ಷೆ ಓದುಗನ ವರ್ಷ ಉಳಿಸುತ್ತದೆ. ಆದರೆ ಒಬ್ಬರ ಉಲ್ಲೇಖಗಳಲ್ಲಿ ಮುಕ್ಕಾಲು ಸಮೀಕ್ಷೆಯಿಂದಲೇ ಬಂದಿದ್ದರೆ ಅದನ್ನು ಗಮನಿಸಬೇಕು.

ನ್ಯಾನೊಫ್ಲೂಯಿಡ್ ಎಂಬುದೊಂದಿದೆ. ನೀರಿನಲ್ಲಿ ಲೋಹದ ಅಥವಾ ಆಕ್ಸೈಡಿನ ಅತಿಸಣ್ಣ ಕಣ ಬೆರೆಸಿದರೆ ಅದು ಶಾಖವನ್ನು ಇನ್ನಷ್ಟು ಚೆನ್ನಾಗಿ ಸಾಗಿಸುತ್ತದೆ ಎಂಬ ವಿಚಾರ, 1995ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಿಂದ ಬಂದದ್ದು. ಸೋಲಾರ್ ವಾಟರ್ ಹೀಟರಿಗೆ ಇದನ್ನು ಹೊಂದಿಸಿ ಬರೆದ ಪ್ರಬಂಧಗಳು ರಾಶಿರಾಶಿ, ಉಲ್ಲೇಖಗಳು ಇನ್ನೂ ದೊಡ್ಡ ರಾಶಿ. ನಮ್ಮೂರ ಮನೆಗಳ ಮಾಳಿಗೆಯ ಮೇಲಿನ ಹೀಟರಿನಲ್ಲಿ ಹರಿಯುತ್ತಿರುವುದು ಇನ್ನೂ ಬರೀ ನೀರು.

ಇದಕ್ಕೆ ತಿರುಗುಮುರುಗಿನ ಕತೆಗಳೂ ಇದೇ ಕ್ಷೇತ್ರದಲ್ಲಿವೆ. ಒಂದೇ ಪದರದ ಸೋಲಾರ್ ಕೋಶ ಬಿಸಿಲಿನ ಎಷ್ಟು ಪಾಲನ್ನು ವಿದ್ಯುತ್ ಮಾಡಬಲ್ಲದು, ಅದರ ಮಿತಿ ಎಲ್ಲಿ ಎಂದು ವಿಲಿಯಂ ಶಾಕ್ಲಿ ಮತ್ತು ಹಾನ್ಸ್ ಕ್ವೈಸರ್ 1961ರಲ್ಲಿ ಲೆಕ್ಕ ಹಾಕಿದರು. ಸುಮಾರು ಶೇ 30 ಎಂದು ಅವರ ಲೆಕ್ಕ. ಶಾಕ್ಲಿ ಆಗಲೇ ನೊಬೆಲ್ ಪಡೆದಿದ್ದವರು. ಆದರೂ ಆ ಪ್ರಬಂಧವನ್ನು ದಶಕಗಳ ಕಾಲ ಹೆಚ್ಚಿನವರು ತಿರುಗಿ ನೋಡಲಿಲ್ಲ. ಇಂದು ಸೋಲಾರ್ ಕೋಶದ ಬಗ್ಗೆ ಬರೆಯುವವರಲ್ಲಿ ಅದನ್ನು ಹೆಸರಿಸದವರು ವಿರಳ. ಜಪಾನಿನ ಮಿಯಾಸಾಕಾ ಅವರ ತಂಡ 2009ರಲ್ಲಿ ಪೆರೊವ್‌ಸ್ಕೈಟ್ ಎಂಬ ವಸ್ತುವಿನಿಂದ ಶೇ 3.8ರ ದಕ್ಷತೆಯ ಕೋಶ ಮಾಡಿತು. ಅದು ಬೇಗನೆ ಕೆಡುತ್ತಿತ್ತು, ಮೊದಲೆರಡು ಮೂರು ವರ್ಷ ಕೇಳುವವರಿರಲಿಲ್ಲ. 2012ರಲ್ಲಿ ಬೇರೆಯವರು ಆ ತೊಡಕನ್ನು ಸ್ವಲ್ಪ ಬಿಡಿಸಿದ ಮೇಲೆ ಉಲ್ಲೇಖದ ಹೊಳೆ ಹರಿಯಿತು. 2011ರಲ್ಲಿ ಸಂಖ್ಯೆ ನೋಡಿ ಆ ತಂಡದ ಯೋಗ್ಯತೆ ಅಳೆದವನಿಗೆ ಏನು ಸಿಗುತ್ತಿತ್ತು?

ನಮ್ಮ ರಾಜ್ಯದ ನೆಲದಲ್ಲೇ ಕಲಿತು, ಕೊನೆಗೆ ಇಲ್ಲಿಗೇ ಮರಳಿ ಸೌರಶಕ್ತಿಯ ಅತಿ ಮುಖ್ಯ ಪುಸ್ತಕಗಳನ್ನು ಬರೆದ ಒಬ್ಬರ ಬಗ್ಗೆ ಮಾತ್ರ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅವರ ಹೆಸರು ಅನ್ನಾ ಮಣಿ. 1918ರ ಆಗಸ್ಟ್ 23ರಂದು ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಹೋದರೆ, ನನಗೆ ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾ ಸಂಪುಟಗಳು ಬೇಕು ಎಂದು ಹಟ ಹಿಡಿದ ಹುಡುಗಿ. ಗ್ರಂಥಪಾಲನಾದ ನನಗೆ ಅಲ್ಲಿಂದಲೇ ಆಕೆಯ ಮೇಲೆ ಪಕ್ಷಪಾತ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಆನರ್ಸ್ ಮುಗಿಸಿ 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಿ.ವಿ. ರಾಮನ್ ಅವರ ಪ್ರಯೋಗಾಲಯಕ್ಕೆ ಬಂದರು. ಅಲ್ಲಿ ಸಿಕ್ಕ ಕೆಲಸ ವಜ್ರ ಮತ್ತು ಮಾಣಿಕ್ಯಗಳ ರೋಹಿತ ಅಳೆಯುವುದು! ಒಂದೊಂದು ಫೋಟೊ ತಟ್ಟೆಗೆ ಹದಿನೈದಿಪ್ಪತ್ತು ತಾಸು ಬೆಳಕು ಬೀಳಬೇಕಿತ್ತು, ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಮಲಗುತ್ತಿದ್ದರು. 1942ರಿಂದ 1945ರ ನಡುವೆ ಒಬ್ಬರೇ ಐದು ಪ್ರಬಂಧ ಪ್ರಕಟಿಸಿದರು. ಪಿಎಚ್.ಡಿ. ಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂ.ಎಸ್‌ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ಡಾಕ್ಟರೇಟ್ ಕೊಡಲಿಲ್ಲ. ಆ ಪ್ರಬಂಧ ಇಂದಿಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ.

1945ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದರು. ಭೌತಶಾಸ್ತ್ರ ಓದುವ ಆಸೆಯಿತ್ತು, ಸಿಕ್ಕ ವಿದ್ಯಾರ್ಥಿವೇತನ ಹವಾಮಾನ ಉಪಕರಣಗಳದ್ದು. 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆ ಸೇರಿದಾಗ ಮಳೆಮಾಪಕದಿಂದ ಹಿಡಿದು ಬಹುತೇಕ ಉಪಕರಣಗಳು ಹೊರದೇಶದಿಂದ ಬರುತ್ತಿದ್ದವು. ಸುಮಾರು ನೂರು ಬಗೆಯ ಉಪಕರಣಗಳ ನಕಾಶೆಗಳನ್ನು ಪ್ರಮಾಣೀಕರಿಸಿ ಇಲ್ಲೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲು ಎಂಬುದು ಆಕೆಯ ನಿಲುವು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ದೇಶದಲ್ಲಿ ಬಿಸಿಲಿನ ಶಕ್ತಿ ಅಳೆಯುವ ಕೇಂದ್ರಗಳ ಜಾಲವೊಂದನ್ನು ಕಟ್ಟಿದರು.

ಆ ಅಳತೆಯ ಉಪಕರಣ ನೋಡಲು ಬಹಳ ಸಾದಾ. ಗಾಜಿನ ಗುಮ್ಮಟದ ಕೆಳಗೆ ಕಪ್ಪು ಬಳಿದ ತಟ್ಟೆ. ಬಿಸಿಲಿಗೆ ತಟ್ಟೆ ಕಾಯುತ್ತದೆ, ಕಾದ ಭಾಗಕ್ಕೂ ತಣ್ಣಗಿನ ಭಾಗಕ್ಕೂ ನಡುವೆ ಜೋಡಿಸಿದ ಲೋಹದ ತಂತಿಗಳಲ್ಲಿ ಕಿಂಚಿತ್ ವೋಲ್ಟೇಜ್ ಹುಟ್ಟುತ್ತದೆ, ಅದನ್ನು ಬರೆದುಕೊಳ್ಳುವುದು. ಹೆಸರು ಪೈರನೊಮೀಟರ್. ನೇರ ಬಿಸಿಲು ತಟ್ಟೆಗೆ ತಾಗದಂತೆ ಒಂದು ಪಟ್ಟಿಯ ನೆರಳು ಹಿಡಿದರೆ ಆಕಾಶದಿಂದ ಹರಡಿ ಬರುವ ಬೆಳಕು ಮಾತ್ರ ಸಿಗುತ್ತದೆ. ಈ ಎರಡನ್ನೂ ಬೇರೆ ಮಾಡುವುದರ ಮಹತ್ವ ನಮ್ಮ ಜಿಲ್ಲೆಯವರಿಗೆ ಬೇಗ ತಿಳಿದೀತು. ಆಷಾಢದಲ್ಲಿ ಕಲಘಟಗಿ ಕಡೆ ವಾರಗಟ್ಟಲೆ ಮೋಡ ಮುಚ್ಚಿ, ಬರುವುದೆಲ್ಲ ಹರಡಿದ ಬೆಳಕೇ. ಅದೇ ದಿನ ನವಲಗುಂದದ ಬಯಲಿನಲ್ಲಿ ಮೋಡ ಹರಿದು ಚುರುಕು ಬಿಸಿಲು ಬಿದ್ದಿರುತ್ತದೆ. ಕನ್ನಡಿ ಹಿಡಿದು ಬಿಸಿಲನ್ನು ಒಂದೆಡೆ ಕೂಡಿಸುವ ಯಂತ್ರಗಳಿಗೆ ನೇರ ಬಿಸಿಲೇ ಬೇಕು. ಮಾಮೂಲಿ ಸೋಲಾರ್ ಪ್ಲೇಟುಗಳು ಹರಡಿದ ಬೆಳಕಿನಲ್ಲೂ ಅಷ್ಟಿಷ್ಟು ನಡೆಯುತ್ತವೆ. ಯಾವ ಊರಿಗೆ ಯಾವುದು ಎಂದು ಹೇಳಬೇಕಾದರೆ ಮೊದಲು ಅಂಕಿ ಬೇಕು.

1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಅನ್ನಾ ಮಣಿ ಬೆಂಗಳೂರಿಗೆ, ರಾಮನ್ ಸಂಸ್ಥೆಗೇ ಬಂದರು. 1980ರಲ್ಲಿ ಭಾರತದ ಸೌರವಿಕಿರಣ ಅಂಕಿಅಂಶಗಳ ಕೈಪಿಡಿ, 1982ರಲ್ಲಿ ಎಸ್. ರಂಗರಾಜನ್ ಜೊತೆಗೂಡಿ ಭಾರತದ ಮೇಲಿನ ಸೌರವಿಕಿರಣದ ಕುರಿತ ಇನ್ನೊಂದು ದೊಡ್ಡ ಪುಸ್ತಕ. ಎರಡರಲ್ಲೂ ಹೆಚ್ಚಿನದು ಕೋಷ್ಟಕ. ಊರು, ತಿಂಗಳು, ತಾಸು, ಅಷ್ಟೆ. ಕಾದಂಬರಿಯಂತೆ ಓದಿಸಿಕೊಳ್ಳುವುದಲ್ಲ. ಆದರೆ ಉಪಗ್ರಹದಿಂದ ಬಿಸಿಲಿನ ನಕ್ಷೆ ಸಿಗುವ ಮುಂಚಿನ ಕಾಲದಲ್ಲಿ ಭಾರತದಲ್ಲಿ ಸೋಲಾರ್ ಏನಾದರೂ ಕೂಡಿಸುವ ಎಂಜಿನಿಯರ್ ಮೇಜಿನ ಮೇಲೆ ಬಿಡಿಸಿಟ್ಟುಕೊಳ್ಳಬೇಕಾದದ್ದು ಇವೇ ಪುಸ್ತಕಗಳನ್ನು. ಬೆಂಗಳೂರಿನಲ್ಲಿ ಬಿಸಿಲು-ಗಾಳಿ ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯನ್ನೂ ತೆಗೆದರು. ಗಾಳಿಯ ಶಕ್ತಿಯ ಸಮೀಕ್ಷೆಗೆ ದೇಶದ 700ಕ್ಕೂ ಹೆಚ್ಚು ಸ್ಥಳಗಳ ಅಂಕಿ ಕೂಡಿಸುವ ಕೆಲಸದ ನೇತೃತ್ವವೂ ಅವರದೇ. ಗದಗಿನ ಆಚೆ ಕಪ್ಪತಗುಡ್ಡದ ಗಾಳಿಯಂತ್ರ ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು.

ಇಂಥವರ ಉಲ್ಲೇಖ ಎಷ್ಟು? ಇಲ್ಲಿ ಎಣಿಕೆಯ ಯಂತ್ರ ತಡವರಿಸುತ್ತದೆ. ಸ್ಕೋಪಸ್‌ನಂಥ ಸೂಚಿಗಳ ಬಲ ಇರುವುದು ಜರ್ನಲ್ ಪ್ರಬಂಧಗಳಲ್ಲಿ. ದಿಲ್ಲಿಯಲ್ಲಿ ಅಚ್ಚಾದ ಅಂಕಿಗಳ ಕೈಪಿಡಿಗೆ ಬಂದ ಉಲ್ಲೇಖ, ಪುಸ್ತಕದ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದದ್ದರಿಂದ, ಚೂರುಚೂರಾಗಿ ಚೆಲ್ಲಿಹೋಗುತ್ತದೆ. ಅದನ್ನು ತೆರೆದು ಪಂಪಿನ ಅಳತೆ ನಿಗದಿ ಮಾಡಿದ ಎಂಜಿನಿಯರನಂತೂ ಪ್ರಬಂಧ ಬರೆಯುವುದೇ ಇಲ್ಲ. ಅವನ ಓದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಎಂಜಿನಿಯರಿಂಗ್ ಎಂಬ ವಿದ್ಯೆಯಲ್ಲಿ ಓದುಗರ ದೊಡ್ಡ ಪಾಲು ಇಂಥವರೇ. ನನ್ನ ತಕರಾರು ಇರುವುದು ಈ ಒಂದು ಜಾಗದಲ್ಲಿ.

ಎ.ಕೆ.ಎನ್. ರೆಡ್ಡಿ ಅವರದು ಇನ್ನೊಂದು ಬಗೆ. ಜಾನ್ ಬೋಕ್ರಿಸ್ ಜೊತೆ 1970ರಲ್ಲಿ ಅವರು ಬರೆದ ವಿದ್ಯುತ್‌ರಸಾಯನ ಪಠ್ಯಪುಸ್ತಕ ಜಗತ್ತಿನ ತುಂಬ ಓದಿಸಿಕೊಂಡಿತು, ಉಲ್ಲೇಖಕ್ಕೇನೂ ಕೊರತೆಯಿರಲಿಲ್ಲ. ಅದನ್ನು ಬದಿಗಿಟ್ಟು 1974ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಕೇಂದ್ರ ತೆರೆದು ತುಮಕೂರು ಜಿಲ್ಲೆಯ ಉಂಗ್ರದಂಥ ಹಳ್ಳಿಗೆ ಹೊರಟರು. ಅಸ್ತ್ರ ಒಲೆ ಅಂದರೆ ನಮ್ಮ ತಾಯಂದಿರಿಗೆ ಗೊತ್ತು, ಎಚ್-ಇಂಡೆಕ್ಸ್ ಅಂದರೆ ಗೊತ್ತಿಲ್ಲ. ಹರೀಶ್ ಹಂದೆ ಅಮೆರಿಕದಲ್ಲಿ ಸೌರಶಕ್ತಿಯಲ್ಲಿ ಪಿಎಚ್.ಡಿ. ಮಾಡಿದವರು, 1995ರಲ್ಲಿ ಬೆಂಗಳೂರಿನಲ್ಲಿ ಮನೆಗಳಿಗೆ ಸೋಲಾರ್ ದೀಪ ಒದಗಿಸುವ ಸೆಲ್ಕೊ ಕಂಪನಿ ಆರಂಭಿಸಿದರು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಬಿಡಿಸಿದ ಗಂಟು ಪ್ಲೇಟಿನದಲ್ಲ, ಸಾಲದ್ದು. ದಿನಗೂಲಿಯವ ಒಮ್ಮೆಲೇ ಅಷ್ಟು ರೊಕ್ಕ ಎಲ್ಲಿಂದ ತಂದಾನು? ಆರಂಭದ ದಿನಗಳಲ್ಲಿ ಅದಕ್ಕೆ ಸಾಲ ಕೊಡಲು ಮುಂದೆ ಬಂದವುಗಳಲ್ಲಿ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕೂ ಒಂದು.

ಇಷ್ಟು ಹೇಳಿದೆನೆಂದು ಉಲ್ಲೇಖವೆಲ್ಲ ಸುಳ್ಳು ಎಂದು ತಿಳಿಯಬೇಡಿ. ಪ್ರಾಮಾಣಿಕವಾಗಿ ಬಂದ ಉಲ್ಲೇಖ ದೊಡ್ಡ ಮಾತು. ಎಲ್ಲೋ ಬ್ರೆಜಿಲಿನಲ್ಲಿ ಕೂತವನೊಬ್ಬ ಹುಬ್ಬಳ್ಳಿಯವರ ಪ್ರಯೋಗವನ್ನು ನಂಬಿ ತನ್ನದನ್ನು ಅದರ ಮೇಲೆ ಕಟ್ಟಿದ ಎಂದರೆ ಅದಕ್ಕಿಂತ ಮರ್ಯಾದೆ ಯಾವುದು? ತೊಡಕು ಶುರುವಾಗುವುದು ಲೆಕ್ಕ ಮುಯ್ಯಿಯ ವಹಿಯಂತಾದಾಗ. ನಮ್ಮ ಮದುವೆಗಳಲ್ಲಿ ಯಾರು ಎಷ್ಟು ಆಯೇರ ಮಾಡಿದರು ಎಂದು ಬರೆದಿಟ್ಟುಕೊಂಡು ಅವರ ಮನೆಯ ಮದುವೆಗೆ ಅಷ್ಟನ್ನೇ ತಿರುಗಿಸುತ್ತೇವಲ್ಲ, ಹಾಗೆ ನಾಲ್ಕೈದು ಜನ ಕೂಡಿ ಒಬ್ಬರನ್ನೊಬ್ಬರು ಹೆಸರಿಸುತ್ತ ಹೋಗುವುದುಂಟು. ಪರಿಶೀಲನೆಗೆ ಬಂದ ಪ್ರಬಂಧಕ್ಕೆ ‘ನನ್ನ ಈ ಏಳು ಪ್ರಬಂಧ ಸೇರಿಸಿ’ ಎಂದು ಷರಾ ಬರೆಯುವ ಪರೀಕ್ಷಕರಿದ್ದಾರೆ. ರೊಕ್ಕ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳಿವೆ. 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿ ತಂದ ಮೇಲೆ ಇಂಥ ಜರ್ನಲ್‌ಗಳ ಕರಪತ್ರಗಳು ಸ್ಟಾಫ್‌ರೂಮಿನ ಮೇಜಿಗೆ ಬಂದು ಬೀಳತೊಡಗಿದ್ದನ್ನು ನಾನೇ ಕಂಡಿದ್ದೇನೆ. 2022ರ ನಿಯಮದಲ್ಲಿ ಪಿಎಚ್.ಡಿ. ಸಲ್ಲಿಸಲು ಪ್ರಬಂಧ ಪ್ರಕಟಿಸಿರಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ ತೆಗೆಯಿತು. ನೌಕರಿ ಸಂದರ್ಶನದಲ್ಲಿ ಕೂತವರ ಮನಸ್ಸಿನಿಂದ ತೆಗೆಯಲಿಲ್ಲ.

ನನ್ನ ತಂಗಿಯ ಮಗಳು ಹುಬ್ಬಳ್ಳಿಯಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅವಳ ವಿಷಯ ದೂಳು. ಎರೆಹೊಲದ ದೂಳು ಪ್ಲೇಟಿನ ಮೇಲೆ ಕೂತು ಎಷ್ಟು ಕರೆಂಟು ತಿನ್ನುತ್ತದೆ ಎಂಬುದು. ಅಣ್ಣನ ಹೊಲದ ಬದುವಿನಲ್ಲಿ ಎರಡು ಪ್ಲೇಟು ಇಟ್ಟಿದ್ದಾಳೆ. ಒಂದನ್ನು ದಿನಾ ಒರೆಸುವುದು, ಇನ್ನೊಂದನ್ನು ಮುಟ್ಟದೆ ಬಿಡುವುದು. ನಡುಹಗಲಿಗೆ ಎರಡರ ತಂತಿಗಳನ್ನೂ ಮೀಟರಿಗೆ ಹಚ್ಚಿ ಕರೆಂಟು ಬರೆದುಕೊಳ್ಳುವುದು. ಪ್ಲೇಟಿಗೆ ತಾಗುವ ಬೆಳಕು ಕಮ್ಮಿಯಾದಷ್ಟೂ ಈ ಕರೆಂಟು ಕಮ್ಮಿಯಾಗುತ್ತದೆ. ಕೆಲಸ ಇಷ್ಟೇ. ಆದರೆ ವರ್ಷ ಪೂರ್ತಿ ಮಾಡಬೇಕು. ಜೋಳ, ಕಡಲೆ ರಾಶಿ ಮಾಡುವಾಗಿನ ಹೊಟ್ಟು ಬೇರೆ, ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಎಬ್ಬಿಸುವ ಕರಿ ದೂಳು ಬೇರೆ. ಚಳಿಗಾಲದ ಇಬ್ಬನಿ ದೂಳನ್ನು ನೆನೆಸಿ ಒಣಗಿಸಿದರೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಗಾಳಿಗೆ ಹಾರುವುದಿಲ್ಲ. ದೊಡ್ಡ ಮಳೆ ಪ್ಲೇಟನ್ನು ತೊಳೆದುಬಿಡುತ್ತದೆ. ನಾಲ್ಕು ಹನಿಯ ಅಡ್ಡಮಳೆ ಮಾತ್ರ ದೂಳನ್ನೆಲ್ಲ ಇಳಿಸಿ ಕೆಳಗಿನ ಅಂಚಿನ ಚೌಕಟ್ಟಿಗೆ ತಂದು ಸಾಲುಗಟ್ಟಿ ಕೂರಿಸುತ್ತದೆ. ಆ ಒಂದು ಸಾಲಿನ ಕೋಶಗಳಿಗೆ ನೆರಳಾದರೂ ಪ್ಲೇಟಿನ ದೊಡ್ಡ ಪಾಲಿನ ಕರೆಂಟಿಗೆ ಪೆಟ್ಟು, ಯಾಕೆಂದರೆ ಕೋಶಗಳೆಲ್ಲ ಒಂದರ ಹಿಂದೊಂದು ಜೋಡಿಸಿದವು. ಕಂಬಗಳ ಪಾಡು ಇನ್ನೊಂದು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಾಗ ತಳಪಾಯ ಆಳವಿಲ್ಲದ ಕಂಬ ವಾಲುತ್ತದೆ, ವಾಲಿದ ಕಂಬದ ಮೇಲಿನ ಪ್ಲೇಟಿನ ದಿಕ್ಕೂ ಕೆಡುತ್ತದೆ. ಪ್ಲೇಟು ಕೂಡಿಸುವ ಹುಡುಗರಿಗೆ ಇದೆಲ್ಲ ಬಾಯಿಪಾಠ. ಜರ್ನಲ್‌ನವರಿಗೆ ಇದರಲ್ಲಿ ಅಷ್ಟು ರುಚಿ ಇದ್ದಂತಿಲ್ಲ.

ಅವಳ ಗೈಡ್ ಈ ಕೆಲಸವನ್ನು ಮೂರು ಪ್ರಬಂಧ ಮಾಡು ಅಂದಿದ್ದಾರೆ. ದೂಳಿನದೊಂದು, ಕಾವಿನದೊಂದು, ತೊಳೆಯುವ ಖರ್ಚಿನದೊಂದು. “ಒಂದ ಪೇಪರ್ ಆದ್ರ ಓದಾವ್ರಿಗೆ ಅನುಕೂಲ, ಮಾಮಾ. ಮೂರಾದ್ರ ನನಗ ಅನುಕೂಲ. ಏನ್ ಮಾಡ್ಲಿ ಹೇಳ್ರಿ” ಎಂದು ಕೇಳಿದಳು. ನೌಕರಿಗಾಗಿ ಅಲೆಯಬೇಕಾದ ಹುಡುಗಿಗೆ ನಿವೃತ್ತಿ ವೇತನ ಎಣಿಸುವವನು ಉಪದೇಶ ಹೇಳುವುದು ಸಲ್ಲ. “ಮೂರರೆ ಮಾಡವಾ, ನಾಕರೆ ಮಾಡು. ದಿನಾ ಬರಕೊಂಡ ಅಂಕಿ ಮಾತ್ರ ಪೂರಾ ಒಂದ ಕಡೆ, ಯಾರು ಬೇಕಾದ್ರೂ ತಗೊಳ್ಳೂ ಹಂಗ ಇಡು” ಅಂದೆ. ಈಗ ಅಂಥ ವ್ಯವಸ್ಥೆ ಇದೆ. ಮೂಲ ಅಂಕಿಗಳನ್ನು ತೆರೆದ ಭಂಡಾರದಲ್ಲಿ ಇಟ್ಟರೆ ಅವಕ್ಕೂ ಪ್ರಬಂಧದಂತೆಯೇ ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ, ಅವನ್ನೂ ಉಲ್ಲೇಖಿಸಬಹುದು.

ನಿಮ್ಮೂರಿನ ಸೌರಶಕ್ತಿ ವಿಜ್ಞಾನಿಯ ಸುದ್ದಿ ಮುಂದೆ ಓದಿದಾಗ ಗೂಗಲ್ ಸ್ಕಾಲರಿನಲ್ಲಿ ಒಮ್ಮೆ ಅವರ ಹೆಸರು ಹುಡುಕಿ, ಕಾಸು ಖರ್ಚಿಲ್ಲ. ಮೇಲಿನ ಸಂಖ್ಯೆಗೆ ಅಷ್ಟಾಗಿ ಮರುಳಾಗದೆ ಕೆಳಗಿನ ಹೆಸರುಗಳನ್ನು ಓದಿ. ಮೊದಲ ಐದರಲ್ಲಿ ಸ್ವಂತ ಪ್ರಯೋಗ ಎಷ್ಟು, ಸಮೀಕ್ಷೆ ಎಷ್ಟು? ಇಪ್ಪತ್ತು ಜನರ ನಡುವೆ ಇವರದು ಹನ್ನೆರಡನೆಯ ಹೆಸರೋ, ಮೊದಲನೆಯದೋ? ಒಂದೇ ವರ್ಷದಲ್ಲಿ ಅರವತ್ತು ಪ್ರಬಂಧ ಇದ್ದರೆ ವಾರಕ್ಕೊಂದಕ್ಕಿಂತ ಹೆಚ್ಚಾಯಿತು, ಬರೆಯುವುದಿರಲಿ, ಅಷ್ಟನ್ನು ಗಮನವಿಟ್ಟು ಓದುವುದೇ ಕಷ್ಟ. ಹೆಸರಿನಲ್ಲಿ ನಮ್ಮ ಕಡೆಯ ಮಣ್ಣು, ಮಳೆ, ಬೆಳೆ ಏನಾದರೂ ಇದೆಯೇ ಎಂದೂ ನೋಡುವವನು ನಾನು. ಇದು ಶಾಸ್ತ್ರದ ಅಳತೆಯಲ್ಲ, ನನ್ನ ಸ್ವಂತ ಚಪಲ.

ಅಣ್ಣನ ಪ್ರಶ್ನೆಗೆ ಉತ್ತರ ಹೇಳಿದವಳು ತಂಗಿಯ ಮಗಳೇ. ಪ್ಲೇಟಿನ ಬೆನ್ನಿಗೆ ಬರೆದ ವ್ಯಾಟ್ ಲೆಕ್ಕ ಪ್ಲೇಟು 25 ಡಿಗ್ರಿ ಕಾವಿನಲ್ಲಿದ್ದಾಗಿನದು. ಏಪ್ರಿಲ್ ನಡುಹಗಲಿನಲ್ಲಿ ಅದು 60 ಡಿಗ್ರಿ ಮುಟ್ಟುತ್ತದೆ. ಸಿಲಿಕಾನ್ ಪ್ಲೇಟು ಪ್ರತಿ ಡಿಗ್ರಿ ಕಾವಿಗೆ ಶೇ 0.35ರಷ್ಟು ಬಲ ಕಳೆದುಕೊಳ್ಳುತ್ತದೆ ಎಂದು ಹಿಡಿದರೂ 35 ಡಿಗ್ರಿಗೆ ಶೇ 12 ಹೋಯಿತು. ಅದರ ಮೇಲೆ ದೂಳು. ಜೊತೆಗೆ ಹೊಂಡದ ನೀರು ಕೆಳಗಿಳಿದಿರುತ್ತದೆ, ಅಷ್ಟು ಆಳದಿಂದ ಎತ್ತಬೇಕು. ಬೆಳಕಷ್ಟೇ ಪ್ಲೇಟಿಗೆ ಬೇಕಾದದ್ದು, ಕಾವು ಬೇಡ. ಚಳಿಗಾಲದ ತಿಳಿ ಆಕಾಶದ ಬಿಸಿಲಿಗೆ ಅದಕ್ಕೇ ಪಂಪು ಹುರುಪಿನಿಂದ ನಡೆಯುತ್ತದೆ.

“ಕಾವಿಗೆ ನಾ ಏನೂ ಮಾಡಾಕ ಬರೂದಿಲ್ಲ. ದೂಳರೆ ತೊಳೀತೀನಿ ಬಿಡವಾ. ಯಾವಾಗ ತೊಳೀಬೇಕು?” ಅಂದ ಅಣ್ಣ.

“ಬೆಳಕ ಹರಿಯೂ ಮುಂದ ತೊಳೀರಿ, ದೊಡ್ಡ ಮಾಮಾ, ಪ್ಲೇಟ್ ತಣ್ಣಗಿರ್ತೈತಿ. ಮಧ್ಯಾಹ್ನ ಕಾದ ಗಾಜಿನ ಮ್ಯಾಲೆ ತಣ್ಣೀರು ಸುರದ್ರ ಸೀಳು ಬಿಡಬಹುದು. ಹೊಂಡದ ನೀರು ನಡೀತೈತಿ, ಸೋಸಿ ಹಾಕ್ರಿ. ಬೋರಿನ ಸವಳು ನೀರು ಹಾಕಿ ಹಂಗ ಒಣಗಾಕ ಬಿಡಬ್ಯಾಡ್ರಿ, ಬಿಳಿ ಕಲೆ ಕುಂದರ್ತಾವ. ಮತ್ತ ಆ ಬಲಗಡೆ ಪ್ಲೇಟ್ ನಂದು, ಅದನ್ನ ಮುಟ್ಟಬ್ಯಾಡ್ರಿ.”